ನಡುಗುವ ಹಲಗೆಯೂ ನಡೆಯುವ ಕಾಲೂ

ಯಂತ್ರಯುಗ ಎಂಬ ಮಾತನ್ನು ನಾವು ಶಾಲೆಯ ಪ್ರಬಂಧಗಳಲ್ಲಿ ಬರೆದು ಬರೆದು ಸವೆಸಿಬಿಟ್ಟಿದ್ದೇವೆ. ಆದರೂ ಆ ಮಾತು ಸುಳ್ಳಾಗಿಲ್ಲ. ಬಾವಿಯ ಹಗ್ಗದ ಬದಲು ಪಂಪು ಬಂದಿತು. ಬೀಸುವ ಕಲ್ಲಿನ ಬದಲು ಗಿರಣಿ ಬಂದಿತು. ಎತ್ತಿನ ಬದಲು ಟ್ರಾಕ್ಟರು, ಕುಡುಗೋಲಿನ ಬದಲು ಭತ್ತ ಕೊಯ್ಯುವ ದೊಡ್ಡ ಯಂತ್ರ ಬಂದವು. ಇವುಗಳಿಂದ ಮನುಷ್ಯನ ಮೈಗೆ ಬಿಡುವು ದೊರೆತುದು ಒಳ್ಳೆಯದೇ ಆಯಿತು. ಆದರೆ ಬಿಡುವು ಪಡೆದ ಮೈ ಬಿಗಿಯತೊಡಗಿದಾಗ ಅದನ್ನು ಅಲುಗಾಡಿಸುವುದಕ್ಕೆಂದು ಈಗ ಮತ್ತೊಂದು ಯಂತ್ರ ಬಂದಿದೆ. ಆ ಯಂತ್ರದ ವಿಷಯವಾಗಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಕಳೆದ ದೀಪಾವಳಿಯ ಸುಮಾರಿಗೆ ನಮ್ಮ ಕಾಕಾ ಸಿಂಧನೂರಿನ ಅಂಗಡಿಯೊಂದರಿಂದ ಒಂದು ಬಣ್ಣದ ಕರಪತ್ರವನ್ನು ಮನೆಗೆ ತಂದರು. ಅದರಲ್ಲಿ ಒಂದು ಹಲಗೆಯ ಮೇಲೆ ನಗುಮುಖದ ಮುದುಕರೊಬ್ಬರು ನಿಂತಿದ್ದ ಚಿತ್ರವಿತ್ತು. ದಿನಕ್ಕೆ ಕೇವಲ ಹದಿನೈದು ನಿಮಿಷ ಈ ಹಲಗೆಯ ಮೇಲೆ ನಿಂತರೆ ಮೊಣಕಾಲು ಗಟ್ಟಿಯಾಗುವುದೆಂದೂ, ಎಲುಬು ಬಲಿಯುವುದೆಂದೂ, ಎಲ್ಲಕ್ಕಿಂತ ಮಿಗಿಲಾಗಿ ನೆನಪಿನ ಶಕ್ತಿ ಮರಳುವುದೆಂದೂ ಅಚ್ಚುಮಾಡಲಾಗಿತ್ತು. ಕಾಕಾ ಅದನ್ನು ತಂದುದಕ್ಕೆ ಕಾರಣವಿತ್ತು. ಎಪ್ಪತ್ತಾರು ವರ್ಷದ ನಮ್ಮ ಮುತ್ಯಾ ಆ ವರ್ಷದ ಮಳೆಗಾಲದಲ್ಲಿ ಎರಡು ಸಲ ಅಂಗಳದಲ್ಲಿ ಬಿದ್ದಿದ್ದರು. ಮೊಮ್ಮಕ್ಕಳ ಹೆಸರು ಒಂದಕ್ಕೊಂದು ಅದಲುಬದಲಾಗುತ್ತಿದ್ದವು. ಒಂದು ದಿನವಂತೂ ಸಂತೆಗೆ ಹೋದವರು ಬಂದ ಕೆಲಸವೇನೆಂಬುದನ್ನು ಮರೆತು ಬಸ್ ನಿಲ್ದಾಣದಲ್ಲಿ ಸಂಜೆಯವರೆಗೆ ಕುಳಿತಿದ್ದರು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಒಳಗೊಳಗೇ ಅಳುಕು. ಯಂತ್ರದ ಬೆಲೆ ನಮ್ಮಂಥವರ ಮನೆಗೆ ಒಂದು ಬೆಳೆಯ ಗೊಬ್ಬರದ ಖರ್ಚಿನಷ್ಟಿತ್ತು. ಆದರೂ ಕೊಳ್ಳೋಣವೆಂದು ಕಾಕಾ ಹೇಳಿದರು. ಮುತ್ಯಾ ಮಾತ್ರ ಕರಪತ್ರವನ್ನು ದೂರ ಹಿಡಿದು ನೋಡಿ, “ಏನಪಾ ತಮ್ಮಾ, ಮೂವತ್ತು ವರ್ಷ ಟ್ರಾಕ್ಟರ್ ಮ್ಯಾಲೆ ಕುಂತು ಅಲುಗಾಡೀನಿ. ಅಲುಗಾಡಿದ್ರ ಬುದ್ಧಿ ಬರಂಗಿದ್ರ ನಾನು ಇಷ್ಟೊತ್ತಿಗೆ ತಹಶೀಲ್ದಾರ ಆಗಬೇಕಿತ್ತು” ಎಂದರು.

ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಟ್ರಾಕ್ಟರಿನ ಕಂಪನಕ್ಕೂ ಈ ಹಲಗೆಯ ಕಂಪನಕ್ಕೂ ಇರುವ ವ್ಯತ್ಯಾಸವೇನು? ಒಂದು ಬೆನ್ನು ಮುರಿಯುವುದೂ ಇನ್ನೊಂದು ಬೆನ್ನು ಕಟ್ಟುವುದೂ ಹೇಗೆ ಸಾಧ್ಯ? ಕಾಲೇಜಿನ ಗುರುಗಳನ್ನು ಕೇಳಿ, ಅವರು ಹೇಳಿದ ಲೇಖನಗಳನ್ನು ಓದಿ ನಾನು ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಲಾ ವಿಭಾಗದ ವಿದ್ಯಾರ್ಥಿ; ವೈದ್ಯನಲ್ಲ. ಆದರೆ ಮನೆಯ ಹಿರಿಯರಿಗಾಗಿ ಹಣ ತೆರುವ ಮುನ್ನ ವಿಚಾರಿಸುವ ಹಕ್ಕು ಎಲ್ಲರಿಗೂ ಉಂಟಷ್ಟೆ.

ಮೊದಲು ಯಂತ್ರದ ಸ್ವರೂಪವನ್ನು ನೋಡೋಣ. ಮಣೆಯನ್ನು ಹೋಲುವ, ಅದಕ್ಕಿಂತ ಅಗಲವಾದ ಒಂದು ಹಲಗೆ. ಅದರ ಕೆಳಗೆ ವಿದ್ಯುತ್ ಮೋಟಾರು. ಮೋಟಾರು ತಿರುಗಿದಾಗ ಹಲಗೆಯು ಸೆಕೆಂಡಿಗೆ ಇಪ್ಪತ್ತರಿಂದ ನಲವತ್ತೈದು ಸಲದವರೆಗೆ ಮೇಲೆ ಕೆಳಗೆ ಅಥವಾ ತಕ್ಕಡಿಯಂತೆ ಆಚೆ ಈಚೆ ಆಡುವುದು. ಆಟದ ಎತ್ತರ ಕೆಲವೇ ಮಿಲಿಮೀಟರು. ಅದರ ಮೇಲೆ ಮೊಣಕಾಲನ್ನು ತುಸು ಬಾಗಿಸಿ ನಿಂತರೆ ನಮ್ಮ ಸ್ನಾಯುಗಳು ಪ್ರತಿ ಅಲುಗಾಟದಲ್ಲಿಯೂ ಒಂದಿಷ್ಟು ಹಿಗ್ಗಿದಂತಾಗುವುವು. ಸ್ನಾಯುವಿನ ಒಳಗೆ ಈ ಹಿಗ್ಗುವಿಕೆಯನ್ನು ಅರಿಯುವ ಸೂಕ್ಷ್ಮ ಅಂಗಗಳುಂಟು. ಅವು ಕೂಡಲೇ ಬೆನ್ನುಹುರಿಗೆ ಸುದ್ದಿ ಮುಟ್ಟಿಸುವುವು. ಬೆನ್ನುಹುರಿಯು ನಮ್ಮ ಅಪ್ಪಣೆಗೆ ಕಾಯದೆ ಸ್ನಾಯುವನ್ನು ಬಿಗಿಸುವುದು. ಹೀಗೆ ನಾವು ನಿಂತಲ್ಲೇ ನಿಂತಿದ್ದರೂ ಕಾಲಿನ ಸ್ನಾಯುಗಳು ದುಡಿಯುತ್ತಿರುವುವು. ಅಂಗಾಲಿನ ಚರ್ಮದಿಂದಲೂ ಕೀಲುಗಳಿಂದಲೂ ಮಿದುಳಿಗೆ ಸಂದೇಶಗಳು ಎಡೆಬಿಡದೆ ಹೋಗುತ್ತಿರುವುವು. ಈ ಸಂದೇಶಗಳ ಮಳೆಯಿಂದ ಮಿದುಳು ಚುರುಕಾದೀತೆಂಬುದು ಇದರ ಪರವಾಗಿ ವಾದಿಸುವವರ ನಂಬಿಕೆ.

ಈ ಆಲೋಚನೆ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸ್ವೀಡನ್ನಿನ ಗುಸ್ತಾವ್ ಜಾಂಡರ್ ಎಂಬ ವೈದ್ಯನು ಮೈಯನ್ನು ಅಲುಗಾಡಿಸುವ, ತಟ್ಟುವ, ಎಳೆಯುವ ಅನೇಕ ಯಂತ್ರಗಳನ್ನು ಕಟ್ಟಿ ಚಿಕಿತ್ಸಾಲಯ ನಡೆಸಿದ್ದನು. ಪ್ಯಾರಿಸಿನ ಪ್ರಖ್ಯಾತ ನರರೋಗ ತಜ್ಞ ಷಾರ್ಕೋ, ಪಾರ್ಕಿನ್ಸನ್ ಎಂಬ ನಡುಕರೋಗದವರು ರೈಲಿನಲ್ಲಿಯೋ ಕುದುರೆಗಾಡಿಯಲ್ಲಿಯೋ ದೂರ ಪ್ರಯಾಣ ಮಾಡಿ ಬಂದಾಗ ಹಗುರವೆನಿಸಿತೆಂದು ಹೇಳುವುದನ್ನು ಕೇಳಿ, ಅವರಿಗಾಗಿ ನಡುಗುವ ಕುರ್ಚಿಯೊಂದನ್ನು ಮಾಡಿಸಿದನು. 1892ರಲ್ಲಿ ಅದರ ವಿಷಯವಾಗಿ ಉಪನ್ಯಾಸವನ್ನೂ ಕೊಟ್ಟನು. ಮಹಾನುಭಾವನು ಹೇಳಿದ ಮಾತೆಂದು ಅದು ಬಹುಕಾಲ ಉಳಿಯಿತು. ಆದರೆ 2012ರಲ್ಲಿ ಅಮೆರಿಕದ ವೈದ್ಯರು ಅದನ್ನು ಹೊಸದಾಗಿ ಪರೀಕ್ಷಿಸಿದಾಗ, ನಡುಗುವ ಕುರ್ಚಿಯಲ್ಲಿ ಕುಳಿತವರಿಗೂ, ಇಂಪಾದ ಧ್ವನಿಯನ್ನು ಕೇಳುತ್ತ ನಡುಗದ ಕುರ್ಚಿಯಲ್ಲಿ ಕುಳಿತವರಿಗೂ ಆದ ಗುಣ ಹೆಚ್ಚುಕಡಿಮೆ ಒಂದೇ ಆಗಿತ್ತು. ರೋಗಿಯು ಸುಳ್ಳು ಹೇಳಿರಲಿಲ್ಲ. ಅವನಿಗೆ ಹಗುರವಾದುದು ನಿಜ. ಹಗುರವಾದುದು ನಡುಕದಿಂದಲೋ, ವಿಶ್ರಾಂತಿಯಿಂದಲೋ, ನಂಬಿಕೆಯಿಂದಲೋ ಎಂಬುದನ್ನು ಬೇರ್ಪಡಿಸಿ ನೋಡುವುದೇ ವಿಜ್ಞಾನದ ಕೆಲಸ. ಕರಪತ್ರ ಬರೆಯುವವನಿಗೆ ಆ ಶ್ರಮ ಬೇಕಿಲ್ಲ.

ಎಲುಬಿನ ಮಾತನ್ನೂ ಹೀಗೆಯೇ ನೋಡಬೇಕು. 2001ರಲ್ಲಿ ಅಮೆರಿಕದ ವಿಜ್ಞಾನಿಗಳು ಕುರಿಗಳ ಹಿಂಗಾಲುಗಳನ್ನು ದಿನಕ್ಕೆ 20 ನಿಮಿಷದಂತೆ ಒಂದು ವರ್ಷ ಬಹು ಮೆಲ್ಲನೆ ನಡುಗಿಸಿದರು. ತೊಡೆಯೆಲುಬಿನ ಒಳಗಿನ ಜಾಲರಿಯಂಥ ಭಾಗದ ಸಾಂದ್ರತೆ ಸುಮಾರು ಶೇಕಡಾ 34ರಷ್ಟು ಹೆಚ್ಚಿತೆಂದು ಕಂಡುಬಂದಿತು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಹತ್ತು ವರ್ಷಗಳ ತರುವಾಯ, 2011ರಲ್ಲಿ, ಕೆನಡಾದ ಟೊರಾಂಟೋ ನಗರದಲ್ಲಿ ಮುಟ್ಟು ನಿಂತ 202 ಮಂದಿ ಹೆಂಗಸರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ಹಲಗೆಯ ಮೇಲೆ ನಿಂತವರ ಎಲುಬಿಗೂ ನಿಲ್ಲದವರ ಎಲುಬಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಕುರಿಗೆ ಒದಗಿದ ಭಾಗ್ಯ ಮನುಷ್ಯನಿಗೆ ಒದಗಲಿಲ್ಲ. ಕರಪತ್ರಗಳಲ್ಲಿ ಇಂದಿಗೂ ಕುರಿಯ ಫಲವನ್ನೇ ನಮ್ಮದೆಂಬಂತೆ ಅಚ್ಚುಹಾಕುತ್ತಿದ್ದಾರೆ.

ಕಾಲಿನ ಬಲ ಮತ್ತು ಸಮತೋಲದ ವಿಷಯದಲ್ಲಿ ಯಂತ್ರಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಲೇಬೇಕು. ಏನೂ ಮಾಡದೆ ಕುಳಿತಿರುವ ವೃದ್ಧರಿಗಿಂತ ಈ ಹಲಗೆಯ ಮೇಲೆ ವಾರಕ್ಕೆ ಎರಡು ಮೂರು ಸಲ ನಿಲ್ಲುವ ವೃದ್ಧರ ಕಾಲಿನಲ್ಲಿ ಬಲ ಹೆಚ್ಚಿತೆಂದು ತೋರಿಸುವ ಅಧ್ಯಯನಗಳು ಹಲವು ಇವೆ. ಆದರೆ ಹಲಗೆಯ ಮೇಲೆ ಮಾಡಿದ ಬೈಠಕ್ಕನ್ನೇ ನೆಲದ ಮೇಲೆ ಮಾಡಿದವರೊಡನೆ ಹೋಲಿಸಿದಾಗ, ನಡುಕದಿಂದ ಬಂದ ಹೆಚ್ಚುವರಿ ಲಾಭ ಬಹಳ ಕಡೆ ಅಲ್ಪವೆಂದೋ ಅನಿಶ್ಚಿತವೆಂದೋ ಕಾಣುವುದು. ಅಂದರೆ ಕೆಲಸದ ಹೆಚ್ಚಿನ ಪಾಲು ಬೈಠಕ್ಕಿನದು, ಹಲಗೆಯದಲ್ಲ.

ಇನ್ನು ಬುದ್ಧಿಯ ಮಾತು. ನೆದರ್ಲೆಂಡ್ಸ್ ದೇಶದ ಗ್ರೋನಿಂಗನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಆಧಾರವೆಂದು ಹೇಳಲಾಗುತ್ತದೆ. ಅಲ್ಲಿ 133 ಮಂದಿ ಆರೋಗ್ಯವಂತ ತರುಣ ತರುಣಿಯರನ್ನು ಸೆಕೆಂಡಿಗೆ 30 ಸಲ ನಡುಗುವ ಹಲಗೆಗೆ ಕೂಡಿಸಿದ ಕುರ್ಚಿಯ ಮೇಲೆ ಎರಡೆರಡು ನಿಮಿಷ ಕೂರಿಸಿದರು. ಬಳಿಕ 1935ರಿಂದ ಮನಶ್ಶಾಸ್ತ್ರದಲ್ಲಿ ಪ್ರಸಿದ್ಧವಾಗಿರುವ ಸ್ಟ್ರೂಪ್ ಪರೀಕ್ಷೆಯನ್ನು ಕೊಟ್ಟರು. ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದಿರುತ್ತಾರೆ. ನಾವು ಪದವನ್ನು ಓದದೆ ಶಾಯಿಯ ಬಣ್ಣವನ್ನು ಹೇಳಬೇಕು. ನಡುಗಿದ ಮೇಲೆ ಅವರು ತುಸು ಬೇಗ ಉತ್ತರ ಹೇಳಿದರು. ಇದು ಗಮನಾರ್ಹವೇ ಸರಿ. ಆದರೆ ಅವರು ತರುಣರು, ಲಾಭವು ಅಲ್ಪ, ಅಳೆದುದು ಕೂಡಲೇ. ಆರು ತಿಂಗಳ ನಂತರ ಅವರ ನೆನಪು ಹೆಚ್ಚಿತೆಂದು ಅಲ್ಲಿ ಯಾರೂ ಹೇಳಲಿಲ್ಲ. ಹಾಂಗ್‌ಕಾಂಗಿನಲ್ಲಿ ಮರೆವಿನ ರೋಗವಿರುವ 54 ಮಂದಿ ವೃದ್ಧರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಗಲು ಆಶ್ರಯ ಕೇಂದ್ರದ ನಿತ್ಯ ಚಟುವಟಿಕೆಗೆ ನಡುಗುವ ಹಲಗೆಯನ್ನೂ ಸೇರಿಸಿದರೆ ಮೈಯ ಶಕ್ತಿಗೆ ಹೆಚ್ಚಿನ ಫಲವೇನೂ ಕಾಣಲಿಲ್ಲ. ಆದುದರಿಂದ ನೆನಪಿನ ಶಕ್ತಿ ಮರಳುವುದೆಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆಯುವುದು, ಮೊಳಕೆಯನ್ನು ತೋರಿಸಿ ಸುಗ್ಗಿಯ ಬೆಲೆ ಕೇಳಿದಂತೆ.

ಕಂಪನವು ಎಲ್ಲ ಕಾಲಕ್ಕೂ ಒಂದೇ ಫಲ ಕೊಡುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 2018ರಲ್ಲಿ ನಡೆದ ಒಂದು ಪ್ರಯೋಗದಲ್ಲಿ, ವಾಹನದ ಆಸನವು ಸೆಕೆಂಡಿಗೆ ನಾಲ್ಕರಿಂದ ಏಳು ಸಲ ಮೆಲ್ಲನೆ ನಡುಗುತ್ತಿದ್ದರೆ ಹದಿನೈದೇ ನಿಮಿಷದಲ್ಲಿ ತೂಕಡಿಕೆ ಆರಂಭವಾಗುವುದೆಂದು ಕಂಡಿತು. 2019ರಲ್ಲಿ ಜಿನೀವಾದಲ್ಲಿ 18 ಮಂದಿ ತರುಣರನ್ನು ನಾಲ್ಕು ಸೆಕೆಂಡಿಗೊಮ್ಮೆ ತೂಗುವ ಹಾಸಿಗೆಯ ಮೇಲೆ ಮಲಗಿಸಿದಾಗ ಅವರಿಗೆ ಗಾಢನಿದ್ರೆ ಹೆಚ್ಚಿ, ಹಿಂದಿನ ದಿನ ಕಲಿತ ಪದಗಳು ಮರುದಿನ ಹೆಚ್ಚಾಗಿ ನೆನಪಾದವು. ಸೀರೆಯ ಜೋಲಿಯಲ್ಲಿ ಕೂಸನ್ನು ತೂಗುವ ನಮ್ಮ ತಾಯಂದಿರಿಗೆ ಇದರ ಅರ್ಧ ಮೊದಲೇ ಗೊತ್ತಿತ್ತು. ಹೀಗೆ ಒಂದು ವೇಗದ ಅಲುಗಾಟ ಎಚ್ಚರಿಸುವುದು, ಒಂದು ಮಲಗಿಸುವುದು, ಮತ್ತೊಂದು ಮುರಿಯುವುದು.

ಮುರಿಯುವ ಅಲುಗಾಟದ ಪರಿಚಯ ನಮ್ಮ ಸೀಮೆಗೆ ಬೇಕಾದಷ್ಟಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಎರೆಯ ಹೊಲಗಳು ಭತ್ತದ ಗದ್ದೆಗಳಾದವು. ಅವುಗಳ ಹಿಂದೆಯೇ ಟ್ರಾಕ್ಟರುಗಳೂ ಬಂದವು. ಕುಳಿತ ಮನುಷ್ಯನ ಬೆನ್ನೆಲುಬು ಸೆಕೆಂಡಿಗೆ ನಾಲ್ಕರಿಂದ ಆರು ಸಲದ ಅಲುಗಾಟಕ್ಕೆ ಬಹು ಸುಲಭವಾಗಿ ದನಿಗೂಡುವುದು. ಟ್ರಾಕ್ಟರಿನ ಆಸನದ ಅಲುಗಾಟವು ಬಹುಮಟ್ಟಿಗೆ ಆ ಆಸುಪಾಸಿನದೇ. ಹಲಗೆಯ ಮೇಲೆ ಬಾಗಿದ ಮೊಣಕಾಲು ಕಂಪನವನ್ನು ನುಂಗಿಕೊಳ್ಳುವುದು. ಟ್ರಾಕ್ಟರಿನ ಮೇಲೆ ಅದು ಆಸನದಿಂದ ನೇರವಾಗಿ ಬೆನ್ನಿಗೇರುವುದು. ಹಲಗೆಯ ಮೇಲೆ ಹದಿನೈದು ನಿಮಿಷ. ಟ್ರಾಕ್ಟರಿನ ಮೇಲೆ ಹತ್ತು ಗಂಟೆ. ನಮ್ಮ ಮುತ್ಯಾನ ಪ್ರಶ್ನೆಗೆ ಉತ್ತರ ಇಷ್ಟೇ. ಯುರೋಪಿನ ದೇಶಗಳು 2002ರಲ್ಲಿಯೇ ಕಾನೂನು ಮಾಡಿ, ಕೆಲಸಗಾರನ ಮೈಗೆ ಎಂಟು ಗಂಟೆಯಲ್ಲಿ ತಗಲುವ ಕಂಪನ ಇಷ್ಟನ್ನು ಮೀರಬಾರದೆಂದು ಅಳತೆಯನ್ನು ಗೊತ್ತುಪಡಿಸಿವೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇರುವುದು ನಮಗೆಲ್ಲ ತಿಳಿದುದೇ. ಬಂಡೆ ಕೊರೆಯುವ ಯಂತ್ರವನ್ನು ವರ್ಷಗಟ್ಟಲೆ ಹಿಡಿದವರ ಬೆರಳಿನ ನರಗಳೂ ರಕ್ತನಾಳಗಳೂ ಕೆಡುವುವೆಂಬುದು ಜಗತ್ತಿನ ಗಣಿಗಳಲ್ಲೆಲ್ಲ ತಿಳಿದ ಸಂಗತಿ. ಕಂಪನದಿಂದಲೇ ಬುದ್ಧಿ ಬೆಳೆಯುವಂತಿದ್ದರೆ, ಮಸ್ಕಿಯಿಂದ ದಿನವೂ ಬಸ್ಸಿನ ಹಿಂದಿನ ಆಸನದಲ್ಲಿ ಕುಳಿತು ಕಾಲೇಜಿಗೆ ಬರುವ ನಮ್ಮ ಸಹಪಾಠಿಗಳೆಲ್ಲ ಪ್ರಥಮ ಶ್ರೇಣಿಯಲ್ಲಿಯೇ ತೇರ್ಗಡೆಯಾಗಬೇಕಿತ್ತು. ಅವರ ಅಂಕಪಟ್ಟಿಯನ್ನು ನಾನು ಇಲ್ಲಿ ಪ್ರಸ್ತಾಪಿಸುವುದಿಲ್ಲ.

ಹಾಗಾದರೆ ವೃದ್ಧರ ಮೈಗೂ ಮನಸ್ಸಿಗೂ ಹಿತವೆಂದು ಗಟ್ಟಿಯಾಗಿ ಹೇಳಬಹುದಾದುದು ಯಾವುದು? ಅದು ಬಹಳ ಸಾಮಾನ್ಯವಾದುದು. ಬಹುಶಃ ಅದಕ್ಕಾಗಿಯೇ ಅದಕ್ಕೆ ಕರಪತ್ರವಿಲ್ಲ. 2011ರಲ್ಲಿ ಅಮೆರಿಕದಲ್ಲಿ 120 ಮಂದಿ ವೃದ್ಧರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ಒಂದು ಗುಂಪು ವಾರಕ್ಕೆ ಮೂರು ದಿನ, 40 ನಿಮಿಷದಂತೆ, ಬಿರುಸಾಗಿ ನಡೆಯಿತು. ಇನ್ನೊಂದು ಗುಂಪು ಮೈಯನ್ನು ಹಿಗ್ಗಿಸುವ ಲಘು ವ್ಯಾಯಾಮ ಮಾಡಿತು. ವರ್ಷದ ಕೊನೆಗೆ, ನೆನಪನ್ನು ಹಿಡಿದಿಡುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ನಡೆದವರಲ್ಲಿ ಶೇಕಡಾ 2ರಷ್ಟು ಬೆಳೆದಿತ್ತು; ನಡೆಯದವರಲ್ಲಿ ವಯೋಧರ್ಮಕ್ಕೆ ತಕ್ಕಂತೆ ಕುಗ್ಗಿತ್ತು. ಫಿನ್‌ಲೆಂಡ್ ದೇಶದಲ್ಲಿ 60ರಿಂದ 77 ವರ್ಷದ 1260 ಮಂದಿಯ ಮೇಲೆ ಎರಡು ವರ್ಷ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವ್ಯಾಯಾಮ, ಹಿತವಾದ ಆಹಾರ, ಬುದ್ಧಿಗೆ ಕೆಲಸ, ರಕ್ತದೊತ್ತಡ ಮೊದಲಾದವುಗಳ ಹತೋಟಿ ಇವೆಲ್ಲವನ್ನೂ ಒಟ್ಟಿಗೆ ಕೊಟ್ಟವರ ಬುದ್ಧಿಶಕ್ತಿ ಇತರರಿಗಿಂತ ಚೆನ್ನಾಗಿ ಉಳಿಯಿತು. 2003ರಲ್ಲಿ ನ್ಯೂಯಾರ್ಕಿನಿಂದ ಬಂದ ವರದಿಯೊಂದು ನನಗೆ ಇನ್ನೂ ಪ್ರಿಯವಾಗಿದೆ. 75 ವರ್ಷ ದಾಟಿದ 469 ಮಂದಿಯನ್ನು ಸುಮಾರು ಐದು ವರ್ಷ ಗಮನಿಸಿದಾಗ, ಮೈಯಿಂದ ಮಾಡುವ ಹವ್ಯಾಸಗಳ ಪೈಕಿ ಕುಣಿತವೊಂದೇ ಮರೆವಿನ ರೋಗದ ಕಡಿಮೆ ಸಂಭವದೊಡನೆ ಸೇರಿಕೊಂಡು ಕಂಡಿತು. ಕುಣಿತವೇ ರೋಗವನ್ನು ತಡೆಯಿತೋ, ರೋಗ ಬರದವರು ಕುಣಿಯುತ್ತ ಉಳಿದರೋ ಎಂಬ ಸಂಶಯಕ್ಕೆ ಎಡೆಯುಂಟು. ಆದರೂ ತಾಳಕ್ಕೆ ಹೆಜ್ಜೆಯಿಡುವವನು ಕಾಲಿಗೂ ಕಿವಿಗೂ ನೆನಪಿಗೂ ಒಟ್ಟಿಗೆ ಕೆಲಸ ಕೊಡುವನೆಂಬುದು ಸ್ಪಷ್ಟ.

ಈ ಮಾತನ್ನು ಓದಿದಾಗ ನನಗೆ ಮುದಗಲ್ಲಿನ ಮೊಹರಂ ನೆನಪಾಯಿತು. ಲಿಂಗಸುಗೂರು ತಾಲೂಕಿನ ಆ ಕೋಟೆಯ ಊರಿನಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸಲ್ಮಾನರೆನ್ನದೆ ಹಲಗೆಯ ಪೆಟ್ಟಿಗೆ ಹೆಜ್ಜೆಹಾಕುವರು. ಸುತ್ತಮುತ್ತಲ ಹಳ್ಳಿಗಳಲ್ಲಿ ರಿವಾಯತ್ ಪದಗಳನ್ನು ಪುಸ್ತಕವಿಲ್ಲದೆ ಇರುಳೆಲ್ಲ ಹಾಡುವ ಹಿರಿಯರಿದ್ದಾರೆ. ಶ್ರಾವಣದ ಭಜನೆಯಲ್ಲಿ ತಾಳ ಹಿಡಿದು ಸುತ್ತು ಬರುವವರಿದ್ದಾರೆ. ಚರ್ಮ ಬಿಗಿದ ಆ ಹಲಗೆ ನಮಗೆ ಹಿಂದಿನಿಂದ ಬಂದುದು; ಮೋಟಾರು ಬಿಗಿದ ಈ ಹಲಗೆ ನಿನ್ನೆ ಬಂದುದು. ಮೊದಲಿನದು ಒಬ್ಬನನ್ನು ನೂರು ಜನರ ನಡುವೆ ನಿಲ್ಲಿಸುವುದು. ಎರಡನೆಯದು ಅವನನ್ನು ಗೋಡೆಯ ಮುಂದೆ ಒಬ್ಬಂಟಿಯಾಗಿ ನಿಲ್ಲಿಸುವುದು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು ಮರೆವಿನ ರೋಗಕ್ಕೆ ದಾರಿಮಾಡಿಕೊಡುವ, ಆದರೆ ತಪ್ಪಿಸಬಹುದಾದ ಹದಿನಾಲ್ಕು ಕಾರಣಗಳನ್ನು ಎಣಿಸಿತು. ಅವುಗಳಲ್ಲಿ ಓದಿನ ಕೊರತೆ, ಕಿವುಡು, ಕಣ್ಣಿನ ಮಂಜು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಬತ್ತಿ, ಮದ್ಯ, ಜಡತ್ವ ಇವುಗಳ ಜೊತೆಗೆ ಒಂಟಿತನವೂ ಒಂದು. ಇವೆಲ್ಲ ನೀಗಿದರೆ ಸುಮಾರು ಶೇಕಡಾ 45ರಷ್ಟು ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅವರ ಅಂದಾಜು. ಒಂಟಿತನಕ್ಕೆ ಯಾವ ಮೋಟಾರೂ ಇಲ್ಲ.

ಇದು ದೂರದ ದೇಶಗಳ ಚಿಂತೆಯೆಂದು ತಿಳಿಯಬಾರದು. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗವುಂಟು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಅದು ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ‘ಅರುವು ಮರುವು’ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತಾದೀತು. ಪೇಟೆಯ ಮನುಷ್ಯರಿಗೆ ಹೇಳುವ ವ್ಯಾಯಾಮದ ಉಪದೇಶವನ್ನು, ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುವ ಹೆಣ್ಣುಮಗಳಿಗೆ ಹೇಳುವುದು ನಗೆಗೀಡು. ಆಕೆಗೆ ಬೇಕಾದುದು ಬಿಡುವು, ಹಾಲು, ಒಳ್ಳೆಯ ಕೂಲಿ. ಹಿಂದಿನವರು ಬೀಸಿ ಕುಟ್ಟಿ ಗಟ್ಟಿಯಾಗಿದ್ದರೆಂದು ಹೊಗಳುವವರು, ಅದೇ ಬೀಸುವಿಕೆಯಿಂದ ನಲವತ್ತಕ್ಕೇ ಬೆನ್ನು ಬಾಗಿದವರನ್ನು ಮರೆಯುವರು. ದುಡಿಮೆ ಬೇರೆ, ವ್ಯಾಯಾಮ ಬೇರೆ. ದುಡಿಮೆಯು ಮೈಯಿಂದ ತೆಗೆದುಕೊಳ್ಳುವುದು. ವ್ಯಾಯಾಮವು ಮೈಗೆ ಕೊಡುವುದು. ದುಡಿಮೆ ನಿಂತ ದಿನದಿಂದ, ಮಂಚ ಹಿಡಿದು ಕುಳಿತ ದಿನದಿಂದ, ವ್ಯಾಯಾಮದ ಅಗತ್ಯ ಆರಂಭವಾಗುವುದು. ನಮ್ಮ ಹಿರಿಯರು ಕುಸಿಯುವುದೂ ಅಂದಿನಿಂದಲೇ.

ಯಂತ್ರವನ್ನು ಒಟ್ಟಾರೆ ತಳ್ಳಿಹಾಕಬೇಕೆಂಬುದು ನನ್ನ ವಾದವಲ್ಲ. ನಡೆಯಲಾರದವರು, ಕೂತಲ್ಲಿಂದ ಏಳಲಾರದವರು, ದೀರ್ಘಕಾಲದ ಕಾಯಿಲೆಯಿಂದ ಬಸವಳಿದವರು ಇದ್ದಾರೆ. ಅಂಥವರ ಕಾಲಿಗೆ ಒಂದಿಷ್ಟು ಕೆಲಸ ಕೊಡಲು ನಡುಗುವ ಹಲಗೆಯು ಉಪಯೋಗಕ್ಕೆ ಬಂದೀತು. ಆದರೆ ಅದು ಇರಬೇಕಾದ ಸ್ಥಳ ಮನೆಯ ಪಡಸಾಲೆಯಲ್ಲ. ಅಂಗಸಾಧನೆಯ ಚಿಕಿತ್ಸೆ ಬಲ್ಲವರಿರುವ ಆಸ್ಪತ್ರೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು, ಇತ್ತೀಚೆಗೆ ಎಲುಬು ಮುರಿದವರು ಅಥವಾ ಶಸ್ತ್ರಚಿಕಿತ್ಸೆ ಆದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಮೂರ್ಛೆರೋಗದವರು ವೈದ್ಯರನ್ನು ಕೇಳದೆ ಅದನ್ನು ಏರಲೇಬಾರದು. ಕಾಕಾ ತಂದ ಕರಪತ್ರದಲ್ಲಿ ಇವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ತಾಲೂಕಿಗೆ ಒಂದು ಹಲಗೆ ಸಾಕು, ಮನೆಗೊಂದು ಬೇಡ.

ನಮ್ಮ ಮನೆಯಲ್ಲಿ ನಡೆದುದನ್ನು ಹೇಳಿ ಮುಂದುವರಿಯುತ್ತೇನೆ. ಯಂತ್ರಕ್ಕೆಂದು ಎತ್ತಿಟ್ಟ ಹಣದಲ್ಲಿ ಮೊದಲು ಮುತ್ಯಾನ ಕಣ್ಣಿನ ಪೊರೆ ತೆಗೆಸಿದೆವು. ಅವರಿಗೆ ರಕ್ತದೊತ್ತಡ ಬಹಳವಿದ್ದುದು ಅದಕ್ಕೆ ಮೊದಲು ನಮಗೆ ಗೊತ್ತೇ ಇರಲಿಲ್ಲ. ಅದಕ್ಕೆ ಗುಳಿಗೆ ಆರಂಭವಾಯಿತು. ಅಂಗಳದ ಮೆಟ್ಟಿಲಿಗೆ ಕಬ್ಬಿಣದ ಹಿಡಿಕೆ ಹಾಕಿಸಿದೆವು. ಬಳಿಕ ಒಂದು ಸರಳ ಪರೀಕ್ಷೆಯನ್ನು ನಾನೇ ಮಾಡಿದೆ. ಕೈಯಿಲ್ಲದ ಕುರ್ಚಿಯ ಮೇಲೆ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂಡಬಲ್ಲರೆಂದು ಎಣಿಸುವುದು. 75ರಿಂದ 79 ವರ್ಷದ ಗಂಡಸರು ಹನ್ನೊಂದಕ್ಕಿಂತ ಕಡಿಮೆ ಮಾಡಿದರೆ, ಹೆಂಗಸರು ಹತ್ತಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯವುಂಟೆಂದು ತಿಳಿಯಬೇಕಂತೆ. ಮುತ್ಯಾ ಏಳು ಸಲ ಎದ್ದರು. ಅಂದಿನಿಂದ ದಿನವೂ ಮುಂಜಾನೆ ಮತ್ತು ಸಂಜೆ ಹತ್ತು ಹತ್ತು ಸಲ ಕುರ್ಚಿಯಿಂದ ಏಳುವುದು, ಗೋಡೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವುದು, ಕಾಲುವೆಯ ದಾರಿಯಲ್ಲಿ ಹನುಮಪ್ಪನ ಗುಡಿಯವರೆಗೆ ನಡೆಯುವುದು, ಸೋಮವಾರದ ಭಜನೆಗೆ ತಪ್ಪದೆ ಹೋಗುವುದು. ಮೊದಲ ವಾರ ಬೈದರು. ಎರಡನೆಯ ವಾರ ಓರಗೆಯ ಇಬ್ಬರನ್ನು ಕಟ್ಟಿಕೊಂಡು ಹೊರಟರು. ನಾಲ್ಕು ತಿಂಗಳ ಮೇಲೆ ಎಣಿಸಿದಾಗ ಹತ್ತು ಸಲ ಎದ್ದರು. ಅಲ್ಲಿಂದೀಚೆಗೆ ಬಿದ್ದಿಲ್ಲ. ಹೆಸರು ಮರೆಯುವುದು ನಿಂತಿತೆಂದು ನಾನು ಹೇಳಲಾರೆ. ನನ್ನನ್ನು ಇನ್ನೂ ಆಗಾಗ ಅಪ್ಪನ ಹೆಸರಿನಿಂದಲೇ ಕರೆಯುವರು. ಆದರೆ ಸಂತೆಗೆ ಹೋಗಿ ಕೆಲಸ ಮುಗಿಸಿ ಬರುತ್ತಾರೆ. ಒಬ್ಬರ ಅನುಭವ ಪ್ರಮಾಣವಾಗದೆಂಬುದನ್ನು ನಾನು ಬಲ್ಲೆ. ಕುರಿಯ ಕಥೆಯನ್ನು ಹಾಸ್ಯಮಾಡಿದವನು ಮುತ್ಯಾನ ಕಥೆಯನ್ನು ಸಿದ್ಧಾಂತವೆಂದು ಮಾರಬಾರದಲ್ಲವೆ?

ಈ ನಾಲ್ಕು ತಿಂಗಳಲ್ಲಿ ನಾನು ಕಂಡ ಒಂದು ಅಡ್ಡಿಯೇ ಈ ಲೇಖನವನ್ನು ಬರೆಯಿಸಿತು. ನಡೆಯಿರಿ ಎಂದು ಹೇಳುವುದು ಸುಲಭ, ನಡೆಯುವುದೆಲ್ಲಿ? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಯಂತೆ ವೃದ್ಧರೂ ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು. ವಾರಕ್ಕೆ ಮೂರು ದಿನವಾದರೂ ಸಮತೋಲದ ಅಭ್ಯಾಸ ಮಾಡಬೇಕು. ಸಿಂಧನೂರಿನ ಮುಖ್ಯ ರಸ್ತೆಯಲ್ಲಿ ಭತ್ತದ ಲಾರಿಗಳ ನಡುವೆ ಎಪ್ಪತ್ತು ವರ್ಷದವರು ನಡೆಯುವುದೆಂದರೆ ಪ್ರಾಣದ ಮೇಲಿನ ಆಸೆ ಬಿಟ್ಟಂತೆ. ಕಾಲುವೆಯ ದಂಡೆಯಲ್ಲಿ ನಸುಕಿನಲ್ಲಿ ಹಾವುಹಲ್ಲಿಗಳ ಭಯ. ಹೆಂಗಸರಿಗಂತೂ ಒಬ್ಬೊಬ್ಬರೇ ಹೋಗುವ ಜಾಗವೇ ಇಲ್ಲ. ಹೀಗಿರುವಾಗ ಜನರು ಮನೆಯೊಳಗೇ ನಿಂತು ನಡುಗಬಹುದಾದ ಯಂತ್ರಕ್ಕೆ ಮರುಳಾಗುವುದು ಅವರ ತಪ್ಪಲ್ಲ. ನಡೆಯುವ ನೆಲವನ್ನು ಕೊಡದ ಊರು ನಡುಗುವ ಹಲಗೆಯನ್ನು ಮಾರುತ್ತದೆ.

ಆದುದರಿಂದ ಮಾನ್ಯ ಪ್ರಾಚಾರ್ಯರಲ್ಲಿಯೂ ಅಧ್ಯಾಪಕ ವರ್ಗದವರಲ್ಲಿಯೂ ನನ್ನದೊಂದು ಬಿನ್ನಹ. ನಮ್ಮ ಕಾಲೇಜಿಗೆ ಆಟದ ಮೈದಾನವಿದೆ. ಮುಂಜಾನೆ ಐದೂವರೆಯಿಂದ ಏಳೂವರೆಯವರೆಗೂ ಸಂಜೆ ತರಗತಿಗಳು ಮುಗಿದ ಮೇಲೆಯೂ ಅದು ಬರಿದಾಗಿ ಬಿದ್ದಿರುತ್ತದೆ, ಗೇಟಿಗೆ ಬೀಗವಿರುತ್ತದೆ. ಆ ಬೀಗವನ್ನು ಊರಿನ ಹಿರಿಯರಿಗಾಗಿ ತೆಗೆಯಬೇಕು. ಸುತ್ತಲೂ ನಡೆಯುವ ಹಾದಿಯ ಕಲ್ಲುಮುಳ್ಳುಗಳನ್ನು ನಾವು ವಿದ್ಯಾರ್ಥಿಗಳು ಎನ್.ಎಸ್.ಎಸ್. ಶಿಬಿರದ ಎರಡು ದಿನಗಳಲ್ಲಿ ತೆಗೆದು ಸಮ ಮಾಡಿಕೊಡಬಲ್ಲೆವು. ನಾಲ್ಕು ಕಲ್ಲುಬೆಂಚುಗಳು, ಎರಡು ದೀಪಗಳು, ಒಂದು ಕುಡಿಯುವ ನೀರಿನ ನಲ್ಲಿ ಇದ್ದರೆ ಸಾಕು. ಆರು ತಿಂಗಳಿಗೊಮ್ಮೆ ನಮ್ಮ ಸ್ವಯಂಸೇವಕರು, ಪ್ರಾಥಮಿಕ ಆರೋಗ್ಯ ಕೇಂದ್ರದವರ ಸಹಾಯದಿಂದ, ಬಂದವರ ರಕ್ತದೊತ್ತಡವನ್ನು ನೋಡಿ, ಕುರ್ಚಿಯ ಪರೀಕ್ಷೆಯನ್ನು ಮಾಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಇದಕ್ಕೆ ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಎರಡು ವರ್ಷಗಳಲ್ಲಿ ನಮ್ಮ ಊರಿನ ಹಿರಿಯರ ಕಾಲಿನ ಬಲ ಎಷ್ಟೆಂಬುದಕ್ಕೆ ನಮ್ಮದೇ ಲೆಕ್ಕವಿರುವುದು. ಲಿಂಗಸುಗೂರು ಮಸ್ಕಿಗಳ ವಿದ್ಯಾರ್ಥಿ ಮಿತ್ರರೂ ತಮ್ಮ ತಮ್ಮ ಕಾಲೇಜುಗಳಲ್ಲಿ ಇದನ್ನೇ ಕೇಳಲಿ. ಕಾಲೇಜಿನ ಆಸ್ತಿಗೆ ಹಾನಿಯಾದೀತೆಂದು ಕೆಲವರು ಹೇಳಬಹುದು. ಕೋಲೂರಿಕೊಂಡು ಬರುವ ಮುದುಕರಿಂದ ಆಗುವ ಹಾನಿ, ಕ್ರಿಕೆಟ್ ಆಡುವ ನಮ್ಮಿಂದ ಕಿಟಕಿಯ ಗಾಜಿಗೆ ಆಗುವ ಹಾನಿಗಿಂತ ಹೆಚ್ಚಿರಲಾರದು.

ಮಸ್ಕಿಯ ಹೆಸರು ಬಂದುದರಿಂದ ಕೊನೆಯಲ್ಲಿ ಒಂದು ಮಾತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವನು ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಬೆಳಕಿಗೆ ತಂದನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಹೆಸರು ಸಹಿತ ಖಚಿತವಾದುದು ಅದರಿಂದಲೇ ಎಂದು ಇತಿಹಾಸದ ತರಗತಿಯಲ್ಲಿ ನಾವೆಲ್ಲ ಓದಿದ್ದೇವೆ. ಪರೀಕ್ಷೆಗೆ ಬೇಕಾದುದು ಅಷ್ಟೇ ಆದುದರಿಂದ ಶಾಸನದ ಉಳಿದ ಮಾತನ್ನು ನಾವು ಗಮನಿಸುವುದಿಲ್ಲ. ಧರ್ಮದಲ್ಲಿ ನಿರತನಾದವನು ಸಣ್ಣವನಾದರೂ ಈ ಫಲವನ್ನು ಪಡೆಯಬಲ್ಲನು. ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬಾರದು. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ತಾತ್ಪರ್ಯ. ಅಶೋಕನು ಹೇಳಿದುದು ಧರ್ಮದ ವಿಷಯವಾಗಿ. ಆದರೆ ಆರೋಗ್ಯಕ್ಕೂ ಆ ಮಾತು ಸಲ್ಲದೆ ಹೋಗದು. ಯಂತ್ರವನ್ನು ಕೊಳ್ಳಬಲ್ಲವರಿಗೆ ಮಾತ್ರ ಗಟ್ಟಿ ಕಾಲು, ಚುರುಕು ನೆನಪು ಎಂದಾಗಬಾರದು. ಎದ್ದು ನಡೆಯುವ ಪ್ರಯತ್ನ ಸಣ್ಣವರಿಗೂ ದೊಡ್ಡವರಿಗೂ ಸಮಾನವಾಗಿ ದಕ್ಕಬೇಕಾದುದು. ಅದಕ್ಕೆ ನಾವು ಮಾಡಬೇಕಾದುದು ಮೊದಲು ಒಂದು ಗೇಟಿನ ಬೀಗವನ್ನು ತೆಗೆಯುವುದು. ಬರುವ ಸಂಚಿಕೆಯ ಹೊತ್ತಿಗೆ ಆ ಬೀಗ ತೆರೆದಿರುವುದೆಂದು ನಂಬಿ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.